ಎಸ್‌ಡಿಎಂಸಿ ಸಹಿಗೆ ಲೆಕ್ಕ ಕೇಳುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಮಂಡ್ಯ, ಮೈಸೂರು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಮೂರು ವರ್ಷದ ಅವಧಿ ಮುಗಿದು ಹೊಸ ಸಮಿತಿ ಆಗಬೇಕಾದಾಗ ಊರಲ್ಲಿ ಏಳುವ ಮಾತು ಒಂದೇ: ಈ ಸಲ ಅಧ್ಯಕ್ಷರು ಯಾರ ಕಡೆಯವರು? ಆ ಅಧ್ಯಕ್ಷರು ಯಾವ ಯಾವ ಕಾಗದಕ್ಕೆ ಸಹಿ ಹಾಕುತ್ತಾರೆ, ಹಾಕಿದ ಸಹಿಗೆ ಯಾರ ಮುಂದೆ ಉತ್ತರ ಕೊಡಬೇಕು ಎಂಬುದನ್ನು ಪೋಷಕರ ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತದಿರುವುದಕ್ಕೆ ಕಾರಣ ಅಜ್ಞಾನ ಅಲ್ಲ. ಅಧ್ಯಕ್ಷರು ಪಕ್ಕದ ಬೀದಿಯವರು, ಸಂಬಂಧಿಕರು, ಕಷ್ಟಕ್ಕೆ ಆದವರು. ಎದುರಿಗೆ ನಿಂತು ಬಿಲ್ಲು ತೋರಿಸಿ ಎನ್ನಲು ನಾಲಿಗೆ ಏಳುವುದಿಲ್ಲ. ಎಸ್‌ಡಿಎಂಸಿ ಸದಸ್ಯರ ನೈತಿಕ ಹೊಣೆಯ ಪ್ರಶ್ನೆ ಶುರುವಾಗುವುದೇ ಈ ದಾಕ್ಷಿಣ್ಯದಲ್ಲಿ. ಒಳ್ಳೆಯವರನ್ನು ಆರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಬಿಡಬೇಕು. ಯಾರೂ ಯಾರನ್ನೂ ಕೇಳದೆಯೇ ಲೆಕ್ಕ ತಾನಾಗಿ ಹೊರಗೆ ಬರುವ ವ್ಯವಸ್ಥೆಯನ್ನು ಶಾಲೆಯಲ್ಲಿ ಮಾಡಬೇಕು ಎಂಬುದು ನಮ್ಮ ವಾದ.

ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಎಸ್‌ಡಿಎಂಸಿಗಳು ಬಂದವು. 2006ರಲ್ಲಿ ಪಂಚಾಯತ್ ರಾಜ್ ಕಾಯ್ದೆಯಡಿ ಮಾದರಿ ಉಪವಿಧಿಗಳು ಬಂದವು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಸಮಿತಿಗೆ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಿಯರು ಅಥವಾ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣದಲ್ಲಿ ಸ್ಥಾನ ಸಿಗಬೇಕು. ಶಾಲೆಯ ಕೆಲಸದ ಮೇಲೆ ಕಣ್ಣಿಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಸರಿಯಾಗಿ ಬಳಕೆಯಾಯಿತೇ ಎಂದು ನೋಡುವುದು ಅದರ ಕರ್ತವ್ಯ. ಅನುದಾನ ನೋಡಿಕೊಳ್ಳಬೇಕಾದ ಸಮಿತಿಯ ಅಧ್ಯಕ್ಷರೇ ಮುಖ್ಯ ಶಿಕ್ಷಕರ ಜೊತೆ ಜಂಟಿ ಖಾತೆಗೆ ಸಹಿ ಮಾಡುವವರು. ಖರ್ಚು ಮಾಡುವವರೂ ಅವರೇ, ಖರ್ಚು ಪರಿಶೀಲಿಸುವವರೂ ಅವರೇ. ಈ ಗಂಟು ಕಾನೂನಿನ ರಚನೆಯಲ್ಲೇ ಇದೆ. ಇದನ್ನು ಸಡಿಲಿಸುವ ಕೆಲಸ ಉಳಿದ ಸದಸ್ಯರದು ಮತ್ತು ಪೋಷಕರದು.

ಆಯ್ಕೆಯಿಂದಲೇ ನೋಡಿ. 18 ಮಂದಿ ಪೋಷಕ ಸದಸ್ಯರ ಪಟ್ಟಿ ಸಭೆಗೆ ಮೊದಲೇ ಯಾರದೋ ಜಗಲಿಯಲ್ಲಿ ತಯಾರಾಗಿರುತ್ತದೆ. ಸಭೆಯಲ್ಲಿ ಅದನ್ನು ಓದಿ ‘ಅವಿರೋಧ ಆಯ್ಕೆ’ ಎಂದು ಬರೆಯಲಾಗುತ್ತದೆ. ಸ್ವಂತ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವವರು ತಂಗಿಯ ಮಗುವಿನ ಪೋಷಕ ಎಂದು ಹೇಳಿಕೊಂಡು ಒಳಗೆ ಬರುತ್ತಾರೆ. ಕಾಯ್ದೆಯ 2ನೇ ಕಲಮು ಪೋಷಕರೆಂದರೆ ಮಗುವಿನ ಪಾಲನೆ ಮತ್ತು ಸುಪರ್ದು ಹೊಂದಿದವರು ಎನ್ನುತ್ತದೆ. ತಂದೆತಾಯಿ ಅದೇ ಊರಲ್ಲಿ ಮಗುವಿನ ಜೊತೆ ಬಾಳುತ್ತಿರುವಾಗ ಸೋದರಮಾವ ಪೋಷಕನಾಗಲಾರ. ಹಾಗಾಗಿ ಸಭೆಗೆ ಒಂದು ವಾರ ಮೊದಲು ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್ ಪ್ರಕಾರ ಮಕ್ಕಳ ಹೆಸರಿನ ಮುಂದೆ ತಂದೆತಾಯಿಯ ಹೆಸರಿರುವ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರು ಪೋಷಕ ಎಂದರೆ ಆಧಾರ ತೋರಿಸಬೇಕು. ಮಗು ಏಳನೇ ತರಗತಿ ಮುಗಿಸಿ ಟಿ.ಸಿ. ತೆಗೆದುಕೊಂಡ ಮೇಲೂ ಅಧ್ಯಕ್ಷರಾಗಿಯೇ ಮುಂದುವರಿದು ಸಹಿ ಹಾಕುತ್ತಿರುವವರಿದ್ದರೆ, ಟಿ.ಸಿ. ಕೊಡುವ ದಿನವೇ ಮುಖ್ಯ ಶಿಕ್ಷಕರು ಬ್ಯಾಂಕಿಗೆ ಪತ್ರ ಬರೆದು ಸಹಿ ಬದಲಾವಣೆ ಶುರುಮಾಡಬೇಕು.

ಸಭೆಯ ಹೊತ್ತಿನ ವಿಷಯವೂ ಸಣ್ಣದಲ್ಲ. ಮದ್ದೂರು, ಶ್ರೀರಂಗಪಟ್ಟಣ ಕಡೆಯ ಹಳ್ಳಿಗಳಿಂದ ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು ಬೆಳಿಗ್ಗೆಯೇ ಗಾಡಿ ಹತ್ತಿ ಕತ್ತಲಾಗುವ ಹೊತ್ತಿಗೆ ಮನೆ ಸೇರುತ್ತಾರೆ. ಕಬ್ಬು ಕಡಿಯುವ ಕಾಲದಲ್ಲಿ, ಆಲೆಮನೆ ಕೆಲಸ ಇರುವಾಗ ಕೂಲಿಯವರು ಬರಲಾರರು. ಬುಧವಾರ ಹನ್ನೊಂದು ಗಂಟೆಗೆ ಸಭೆ ಕರೆದರೆ ಬರುವವರು ಬಿಡುವಿದ್ದವರು ಮಾತ್ರ, ಇಲ್ಲವೇ ಸದಸ್ಯೆಯ ಬದಲು ಅವರ ಗಂಡ. ಗಂಡ ಬಂದು ಕೂತರೆ ಆ ಸ್ಥಾನ ಖಾಲಿ ಎಂದೇ ನಡಾವಳಿಯಲ್ಲಿ ಬರೆಯಬೇಕು. ಭಾನುವಾರ ಬೆಳಿಗ್ಗೆ ಅಥವಾ ಸಂಜೆ ಆರೂವರೆಯ ಮೇಲೆ ಸಭೆ ಇಟ್ಟರೆ ಮುಖ್ಯ ಶಿಕ್ಷಕರಿಗೆ ಕಷ್ಟ ನಿಜ. ಆದರೆ ಕೂಲಿ ಬಿಟ್ಟು ಬನ್ನಿ ಎಂದು ಬಡವರಿಗೆ ಹೇಳುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಇನ್ನು ನಡಾವಳಿ ಪುಸ್ತಕ. ಎಲ್ಲ ಅವ್ಯವಹಾರದ ಮೂಲ ಇಲ್ಲಿದೆ. ಸಭೆಯ ದಿನ ಹಾಳೆಯ ಕೆಳಗೆ ಎಲ್ಲರ ಸಹಿ ಬೀಳುತ್ತದೆ, ಮೇಲಿನ ನಿರ್ಣಯವನ್ನು ಆಮೇಲೆ ನಿಧಾನವಾಗಿ ಬರೆಯಲಾಗುತ್ತದೆ. ಸಭೆಯೇ ನಡೆಯದೆ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಪಡೆಯುವುದೂ ಉಂಟು. ಹೊಲಕ್ಕೆ ಹೊರಟವರು ಓದುವುದೆಲ್ಲಿ, ಸಹಿ ಹಾಕಿ ಹೋಗುತ್ತಾರೆ. ಮುಂದೆ ತನಿಖೆ ಬಂದಾಗ ಅಷ್ಟೂ ಜನ ಒಪ್ಪಿದ್ದಾರೆ ಎಂಬ ದಾಖಲೆ ಇರುತ್ತದೆ. ಇದಕ್ಕೆ ಮದ್ದು ಸರಳ. ಪುಸ್ತಕದ ಎಲ್ಲ ಹಾಳೆಗೂ ಮೊದಲೇ ಪುಟಸಂಖ್ಯೆ ಹಾಕಿ, ಒಟ್ಟು ಎಷ್ಟು ಪುಟ ಎಂದು ಮೊದಲ ಹಾಳೆಯಲ್ಲಿ ಸಿಆರ್‌ಪಿಯವರಿಂದ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರೆಸಿ ಸಹಿ ಮಾಡಿಸಬೇಕು. ಪ್ರತಿ ನಿರ್ಣಯದಲ್ಲಿ ಕೆಲಸ ಏನು, ಮೊತ್ತ ಎಷ್ಟು, ಯಾರಿಂದ ಖರೀದಿ, ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ಇರಬೇಕು. ‘ಅಗತ್ಯ ಸಾಮಗ್ರಿ ಖರೀದಿಸಲು ತೀರ್ಮಾನಿಸಲಾಯಿತು’ ಎಂಬ ಸಾಲಿಗೆ ಬೆಲೆಯಿಲ್ಲ. ಕೊನೆಯ ಸಾಲಿನ ಕೆಳಗೆ ಜಾಗ ಬಿಡದೆ ಸಹಿ, ಉಳಿದ ಜಾಗಕ್ಕೆ ಓರೆಗೆರೆ. ಅಲ್ಲೇ ಒಬ್ಬರು ಗಟ್ಟಿಯಾಗಿ ಓದಿ ಹೇಳಬೇಕು, ಅಕ್ಷರ ಬಾರದ ಸದಸ್ಯರು ಹೆಬ್ಬೆಟ್ಟು ಒತ್ತುವುದು ಅದಾದ ಮೇಲೆ. ಆ ಪುಟದ ಫೋಟೊ ಅದೇ ದಿನ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬೇಕು. ಫೋಟೊ ಹೋದ ಮೇಲೆ ಒಂದು ಸಾಲು ಸೇರಿಸಿದರೂ ಗೊತ್ತಾಗುತ್ತದೆ. ಕೇಂದ್ರ ಸರ್ಕಾರದ 2010ರ ಶಿಕ್ಷಣ ಹಕ್ಕು ನಿಯಮಗಳೂ ತಿಂಗಳಿಗೊಮ್ಮೆಯಾದರೂ ಸಭೆ, ನಡಾವಳಿ ಸಾರ್ವಜನಿಕರಿಗೆ ಲಭ್ಯ, ಹಣಕ್ಕೆ ಪ್ರತ್ಯೇಕ ಖಾತೆ, ವರ್ಷಕ್ಕೊಮ್ಮೆ ಆಡಿಟ್ ಎಂದೇ ಹೇಳುತ್ತವೆ.

ಖಾಲಿ ಚೆಕ್ಕಿಗೆ ಸಹಿ ಹಾಕಿ ಮುಖ್ಯ ಶಿಕ್ಷಕರ ಕೈಗೆ ಕೊಟ್ಟುಬಿಡುವ ಅಧ್ಯಕ್ಷರಿದ್ದಾರೆ. ಕೇಳಿದರೆ, ಮೇಷ್ಟ್ರ ಮೇಲೆ ನಂಬಿಕೆ ಎನ್ನುತ್ತಾರೆ. ನಂಬಿಕೆ ಇರಲಿ, ಆದರೆ ಎರಡು ಸಹಿ ಬೇಕೆಂದು ನಿಯಮ ಮಾಡಿದ್ದೇ ಒಬ್ಬರ ನಂಬಿಕೆಯ ಮೇಲೆ ಹಣ ಓಡಬಾರದೆಂದು. ಆನ್‌ಲೈನ್ ಪಾವತಿ ಬಂದ ಕಡೆ ಖಾಲಿ ಚೆಕ್ಕಿನ ಜಾಗಕ್ಕೆ ಪಾಸ್‌ವರ್ಡ್ ಬಂದಿದೆ. ಅದನ್ನು ಸೈಬರ್ ಸೆಂಟರಿನವರ ಹತ್ತಿರ ಬಿಟ್ಟು ಬರುವುದು ಇನ್ನೂ ಅಪಾಯ. ತದ್ವಿರುದ್ಧವಾದ ರೋಗವೂ ಇದೆ: ಪಾಲು ಸಿಗುವವರೆಗೆ ಸಹಿ ಹಾಕದೆ ಸತಾಯಿಸುವುದು. ಬಿಲ್ಲು ಸರಿಯಿದ್ದು, ಸಾಮಾನು ದಾಸ್ತಾನು ವಹಿಗೆ ಏರಿದ್ದು, ನಿರ್ಣಯವೂ ಆಗಿದ್ದರೆ ಏಳು ದಿನದೊಳಗೆ ಸಹಿ ಹಾಕಬೇಕು, ಹಾಕದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು ಎಂದು ಮೊದಲ ಸಭೆಯಲ್ಲೇ ನಿರ್ಣಯ ಮಾಡಿಕೊಂಡರೆ ಇದಕ್ಕೆ ಕಡಿವಾಣ ಬೀಳುತ್ತದೆ.

ಸರ್ಕಾರ ಕೊಡುವ ಹಣದಲ್ಲಿ ಎಸ್‌ಡಿಎಂಸಿ ಮಾಡುವ ಶೂ ಖರೀದಿಯನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಎಸ್‌ಡಿಎಂಸಿಯ ಪ್ರಾಮಾಣಿಕತೆ ಮಗುವಿನ ಕಾಲಿಗೆ ನೇರವಾಗಿ ತಟ್ಟುವುದು ಇಲ್ಲಿ. 2022-23ರಲ್ಲಿ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸಿಗೆ 1ರಿಂದ 5ನೇ ತರಗತಿಯ ಮಗುವಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ನಿಗದಿಯಾಗಿತ್ತು. ಅದೇ ದರದಲ್ಲಿ ಲೆಕ್ಕ ಹಾಕಿ. ಒಂದರಿಂದ ಐದರಲ್ಲಿ 90, ಆರು ಏಳರಲ್ಲಿ 50 ಮಕ್ಕಳಿರುವ ಶಾಲೆಗೆ 23,850 ಮತ್ತು 14,750 ಸೇರಿ 38,600 ರೂಪಾಯಿ. ಒಂದು ಜೊತೆ ಶೂಗೆ 20 ರೂಪಾಯಿ ಕಮಿಷನ್ ಎಂದರೆ 2,800. ಕೇಳಲು ಸಣ್ಣ ಮೊತ್ತ. ಆದರೆ ಆ 20 ರೂಪಾಯಿಯನ್ನು ಅಂಗಡಿಯವರು ತಮ್ಮ ಲಾಭದಲ್ಲಿ ಕಳೆದುಕೊಳ್ಳುವುದಿಲ್ಲ. ಅಟ್ಟೆಯಲ್ಲಿ, ಅಂಟಿನಲ್ಲಿ, ಹೊಲಿಗೆಯಲ್ಲಿ ಕಳೆಯುತ್ತಾರೆ. ಮಳೆಗಾಲದ ಎರಡು ಹದಕ್ಕೆ ಅಟ್ಟೆ ಬಾಯಿ ಬಿಡುವುದು ಅದಕ್ಕೇ.

ಮೂರು ಕೊಟೇಶನ್ ಕಡ್ಡಾಯ ಎಂದು ಮೂರೂ ಒಂದೇ ಅಂಗಡಿಯಲ್ಲಿ ಬರೆಸಿಕೊಂಡು ಬರುವುದು ಹಳೆಯ ವಿದ್ಯೆ. ಗುರುತು ಹಿಡಿಯುವುದು ಕಷ್ಟವಲ್ಲ: ಒಂದೇ ಕೈಬರಹ, ಒಂದೇ ತಾರೀಖು, ದರದಲ್ಲಿ ಐದೈದು ರೂಪಾಯಿಯ ವ್ಯತ್ಯಾಸ, ಜಿಎಸ್‌ಟಿ ಸಂಖ್ಯೆ ಇಲ್ಲದ ಲೆಟರ್‌ಹೆಡ್. ಅಧ್ಯಕ್ಷರನ್ನು ಬಿಟ್ಟು ಬೇರೆ ಇಬ್ಬರು ಸದಸ್ಯರು, ಅವರಲ್ಲಿ ಒಬ್ಬರು ಮಹಿಳೆ, ಖುದ್ದಾಗಿ ಮೂರು ಅಂಗಡಿಗೆ ಹೋಗಿ ಮಾದರಿ ತರಬೇಕು. ಮಾದರಿ ಶೂ ಮೇಲೆ ಅಂಗಡಿಯ ಹೆಸರು, ದರ ಬರೆದು ಸಭೆಯಲ್ಲಿ ಇಡಬೇಕು. ಅಟ್ಟೆಯನ್ನು ಬಾಗಿಸಿ, ಮುಂದಿನ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಬೇಕು. ಒಪ್ಪಿದ ಮಾದರಿಯನ್ನು ಸರಬರಾಜು ಮುಗಿಯುವವರೆಗೆ ಬೀರುವಿನಲ್ಲಿಟ್ಟು ಬಂದ ಮಾಲನ್ನು ಅದಕ್ಕೆ ಹೋಲಿಸಬೇಕು. ಅಳತೆಯಲ್ಲಿ ಆಗುವ ತಪ್ಪು ಇನ್ನೊಂದು. ತರಗತಿ ನೋಡಿ ನಂಬರು ಬರೆದುಕೊಟ್ಟರೆ ಮೂರನೇ ತರಗತಿಯ ಎಲ್ಲರಿಗೂ ಒಂದೇ ನಂಬರಿನ ಶೂ ಬರುತ್ತದೆ. ಮಗುವಿನ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಲ್ಲಿಸಿ, ಉದ್ದದ ಬೆರಳಿನ ತುದಿಗೆ ಗೆರೆ ಹಾಕಿ, ಒಂದು ಸೆಂಟಿಮೀಟರ್ ಸೇರಿಸಿ ಪಟ್ಟಿ ಮಾಡಬೇಕು. ಸರಬರಾಜು ತಡವಾಗುವುದೇ ಹೆಚ್ಚು, ಅಷ್ಟರಲ್ಲಿ ಕಾಲು ಬೆಳೆದಿರುತ್ತದೆ. ಅಳತೆ ತಪ್ಪಿದ ಜೊತೆಗಳು ಬದಲಾಗಿ ಬರುವವರೆಗೆ ಪೂರ್ತಿ ಹಣ ಪಾವತಿಸಬಾರದು, ಈ ಷರತ್ತನ್ನು ಆರ್ಡರಿನಲ್ಲೇ ಬರೆಯಬೇಕು.

ಅಂಗಡಿ ಸದಸ್ಯರ ನೆಂಟರದೇ ಆಗಿದ್ದರೆ? ಸಣ್ಣ ಊರಿನಲ್ಲಿ ಇದನ್ನು ಪೂರ್ತಿ ತಪ್ಪಿಸಲಾಗದು, ಗಾರೆ ಕೆಲಸದವರು, ಎಲೆಕ್ಟ್ರಿಷಿಯನ್, ಟ್ರ್ಯಾಕ್ಟರ್ ಇರುವವರು ಯಾರಿಗಾದರೂ ಬೇಕಾದವರೇ ಆಗಿರುತ್ತಾರೆ. ನೆಂಟಸ್ತಿಕೆ ತಪ್ಪಲ್ಲ, ಮುಚ್ಚಿಡುವುದು ತಪ್ಪು. ಪ್ರತಿ ಸದಸ್ಯರಿಂದ ಮೊದಲ ಸಭೆಯಲ್ಲೇ ಹೀಗೊಂದು ಬರಹ ಪಡೆಯಬೇಕು: ‘ನಾನಾಗಲಿ, ನನ್ನ ಮನೆಯವರಾಗಲಿ, ಒಡಹುಟ್ಟಿದವರು, ಬೀಗರಾಗಲಿ ಈ ಶಾಲೆಗೆ ಸಾಮಾನು, ವಾಹನ, ಕೂಲಿ ಕೆಲಸ ಒದಗಿಸುವ ಸಂದರ್ಭ ಬಂದರೆ ಮೊದಲೇ ತಿಳಿಸುತ್ತೇನೆ. ಆ ವಿಷಯ ಚರ್ಚೆಯಾಗುವಾಗ ಹೊರಗಿರುತ್ತೇನೆ, ಅದರ ಬಿಲ್ಲಿಗೆ ಸಹಿ ಮಾಡುವುದಿಲ್ಲ. ನಮ್ಮ ಮನೆಯಿಂದ ಯಾವುದಾದರೂ ಖಾಸಗಿ ಶಾಲೆಗೆ ವ್ಯಾನ್ ಓಡುತ್ತಿದ್ದರೆ, ಅಲ್ಲಿ ಪಾಲಿದ್ದರೆ ಅದನ್ನೂ ತಿಳಿಸುತ್ತೇನೆ.’ ಕೊನೆಯ ವಾಕ್ಯ ಅನವಶ್ಯಕ ಎನ್ನಿಸಬಹುದು. ಸರ್ಕಾರಿ ಶಾಲೆಯ ದಾಖಲಾತಿ ಕುಸಿದಷ್ಟೂ ಕಾನ್ವೆಂಟ್ ವ್ಯಾನು ತುಂಬುತ್ತದೆ. ಆ ವ್ಯಾನಿನ ಮಾಲೀಕರು ಇಲ್ಲಿ ಶಾಲೆ ಉಳಿಸುವ ಕುರ್ಚಿಯಲ್ಲಿ ಕೂರುವುದಾದರೆ ಪೋಷಕರಿಗೆ ಅದು ಗೊತ್ತಿರಬೇಕು. ಅಧ್ಯಕ್ಷರ ಕಡೆಯವರ ಬಿಲ್ಲಿಗೆ ಅಧ್ಯಕ್ಷರೇ ಸಹಿ ಹಾಕಬೇಕಾಗಿ ಬರುವುದರಿಂದ ಅಂಥ ಕಡೆಯಿಂದ ಖರೀದಿಯನ್ನೇ ಕೈಬಿಡುವುದು ಸರಿ.

ಸಮಗ್ರ ಶಿಕ್ಷಣದ ಶಾಲಾ ಅನುದಾನ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50 ಸಾವಿರ ರೂಪಾಯಿ. ಅದರಲ್ಲಿ ಕನಿಷ್ಠ ಶೇ 10, ಅಂದರೆ 5 ಸಾವಿರ, ಸ್ವಚ್ಛತೆಗೆ ಹೋಗಬೇಕು. ಈ ಹಣದಲ್ಲಿ ಸುಲಭವಾಗಿ ಉಬ್ಬುವ ಬಿಲ್ಲು ಸುಣ್ಣಬಣ್ಣದ್ದು. 20 ಅಡಿಗೆ 20 ಅಡಿ ಕೊಠಡಿ, 10 ಅಡಿ ಎತ್ತರ, ನಾಲ್ಕು ಗೋಡೆ ಸೇರಿ 800 ಚದರಡಿ. ಬಾಗಿಲು, ಕಿಟಕಿ, ಕಪ್ಪುಹಲಗೆ ಕಳೆದರೆ ಸುಮಾರು 700. ಎರಡು ಸಲ ಬಳಿದರೆ ಒಂದು ಲೀಟರ್ ಎಷ್ಟು ಚದರಡಿ ಬರುತ್ತದೆ ಎಂಬುದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. 60 ಎಂದಿದ್ದರೆ 12 ಲೀಟರ್ ಸಾಕು. ಬಿಲ್ಲಿನಲ್ಲಿ 20 ಲೀಟರ್ ಇದ್ದರೆ ಉಳಿದ ಎಂಟು ಲೀಟರ್ ಎಲ್ಲಿ ಎಂದು ಕೇಳಬಹುದು. ಕೇಳಲು ಇಂಜಿನಿಯರ್ ಬೇಕಿಲ್ಲ, ಟೇಪು ಸಾಕು.

ಹಾಲಿನ ಪುಡಿಗೂ ಇದೇ ಲೆಕ್ಕ. ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವಿಗೆ 18 ಗ್ರಾಂ ಪುಡಿ, 150 ಮಿಲಿಲೀಟರ್ ಹಾಲು. 140 ಮಕ್ಕಳಿಗೆ ದಿನಕ್ಕೆ 2.52 ಕಿಲೊ. 20 ಮಕ್ಕಳು ಗೈರಾಗಿದ್ದೂ ಹಾಜರಿ ಪೂರ್ತಿ ಬರೆದರೆ ದಿನಕ್ಕೆ 360 ಗ್ರಾಂ, 20 ಶಾಲಾ ದಿನಕ್ಕೆ 7.2 ಕಿಲೊ ಪುಡಿ ಪುಸ್ತಕದಲ್ಲಿ ಖರ್ಚಾಗಿರುತ್ತದೆ, ಚೀಲದಲ್ಲಿ ಉಳಿದಿರುತ್ತದೆ. ಅದು ಕಾಳಸಂತೆಗೆ ಹೋದ ಸುದ್ದಿಗಳು ರಾಜ್ಯದ ನಾನಾ ಕಡೆಯಿಂದ ಬಂದಿವೆ. ಬಿಸಿಯೂಟದ ಅಕ್ಕಿ ದಿನಕ್ಕೆ ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ. ತಿಂಗಳಿಗೊಂದು ದಿನ, ಹೇಳದೆ, ಇಬ್ಬರು ಸದಸ್ಯರು ಬಂದು ತಟ್ಟೆ ಎಣಿಸಿ, ಹಾಜರಿ ನೋಡಿ, ದಾಸ್ತಾನು ತೂಗಿ, ಮೂರೂ ಸಂಖ್ಯೆಯನ್ನು ವಹಿಯಲ್ಲಿ ಬರೆದು ಸಹಿ ಹಾಕಿದರೆ ಅರ್ಧ ಗಂಟೆಯ ಕೆಲಸ. ಅಡುಗೆಯವರ ಮೇಲೆ ಜೋರು ಮಾಡುವುದು, ಅವರ ಜಾತಿ ನೋಡಿ ಬದಲಿಸಿ ಎಂದು ಒತ್ತಡ ತರುವುದು ಈ ಪರಿಶೀಲನೆಯ ಭಾಗವಲ್ಲ. ಅಂಥ ಮಾತಾಡಿದ ಸದಸ್ಯರು ಆ ಸ್ಥಾನದಲ್ಲಿ ಒಂದು ದಿನವೂ ಇರಬಾರದು.

ಸದಸ್ಯರು ಮೀರಬಾರದ ಇನ್ನೊಂದು ಗೆರೆ ಇದೆ. ಶಾಲೆಯಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ದೂರು ಬಂದಾಗ ಊರಿನ ಮರ್ಯಾದೆ, ಮೇಷ್ಟ್ರ ಸಂಸಾರ ಎಂದು ಯಜಮಾನರನ್ನು ಸೇರಿಸಿ ರಾಜಿ ಮಾಡಿಸಲು ಎಸ್‌ಡಿಎಂಸಿಗೆ ಅಧಿಕಾರವೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಶಿಕ್ಷೆ, ಸಂಸ್ಥೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ. 1098ಕ್ಕೆ ಕರೆ ಮಾಡಿದರೆ ಮಕ್ಕಳ ಸಹಾಯವಾಣಿ ಸಿಗುತ್ತದೆ. ಮಗುವಿನ ಹೆಸರು ನಡಾವಳಿಯಲ್ಲಾಗಲಿ ವಾಟ್ಸ್‌ಆ್ಯಪಿನಲ್ಲಾಗಲಿ ಬರಬಾರದು.

ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ಕಟ್ಟುಪಾಡು ಹಾಕಿದರೆ ಯಾರೂ ಮುಂದೆ ಬರುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ನಮ್ಮ ಹಳ್ಳಿಯ ಹಾಲಿನ ಡೈರಿಯನ್ನೇ ನೋಡಿ. ಒಂದೂವರೆ ಲೀಟರ್ ಹಾಲು ಹಾಕಿದವರೂ ಫ್ಯಾಟ್ ಎಷ್ಟು, ದರ ಎಷ್ಟು ಎಂಬ ಚೀಟಿ ಪಡೆದೇ ಮನೆಗೆ ಹೋಗುತ್ತಾರೆ, ಅದರಿಂದ ಕಾರ್ಯದರ್ಶಿಗೆ ಅವಮಾನವಾಯಿತು ಎಂದು ಯಾರೂ ಅಂದುಕೊಳ್ಳುವುದಿಲ್ಲ. ಚೀಟಿ ಎಲ್ಲರಿಗೂ ಬರುವುದರಿಂದ ಅದು ಅನುಮಾನ ಎನಿಸುವುದಿಲ್ಲ. ಶಾಲೆಯ ಲೆಕ್ಕವೂ ಕೇಳಲಿ ಬಿಡಲಿ ಪ್ರತಿ ತಿಂಗಳು ಶಾಲೆಯ ಗೋಡೆಯ ಫಲಕದಲ್ಲಿ ಹೊರಬಂದರೆ ಪ್ರಾಮಾಣಿಕ ಅಧ್ಯಕ್ಷರಿಗೇ ಅದು ರಕ್ಷೆ. ಹಿಂದಿನವರ ಕಡೆಯವರು ಹಬ್ಬಿಸುವ ಗಾಳಿಸುದ್ದಿಗೆ ಅವರು ಫಲಕದ ಕಡೆ ಕೈ ತೋರಿಸಬಹುದು.

ಇಷ್ಟಾದರೂ ಲೆಕ್ಕ ಕೊಡದಿದ್ದರೆ ದಾರಿ ಇದೆ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ನಗದು ಪುಸ್ತಕ, ವೋಚರು, ನಡಾವಳಿ, ದಾಸ್ತಾನು ವಹಿಯ ಪ್ರತಿಗಳನ್ನು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂದು ನಮೂದಿಸಿ ಕೇಳಬಹುದು. ಪುಟಕ್ಕೆ 2 ರೂಪಾಯಿ, 30 ದಿನದಲ್ಲಿ ಉತ್ತರ, ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೇಲ್ಮನವಿ. ‘ಎಲ್ಲ ಲೆಕ್ಕ ಕೊಡಿ’ ಎಂದು ಬರೆದರೆ ಅರ್ಜಿ ತಿರಸ್ಕಾರಕ್ಕೆ ನೆಪ ಸಿಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಉಪನಿರ್ದೇಶಕರು, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಲ್ಲಿ ನಮ್ಮ ಮನವಿ ಇಷ್ಟು. ಪ್ರತಿ ಶಾಲೆಯ ಗೇಟಿನ ಒಳಗೋಡೆಗೆ ನಾಲ್ಕಡಿ ಅಗಲ, ಮೂರಡಿ ಎತ್ತರದ ಕಪ್ಪು ಬಣ್ಣದ ಚೌಕ ಬಳಿಸಿ. ತಿಂಗಳ ಮೊದಲ ಶನಿವಾರ ಅದರ ಮೇಲೆ ಸೀಮೆಸುಣ್ಣದಲ್ಲಿ ಬಂದ ಹಣ, ಖರ್ಚಾದ ಹಣ, ಯಾವುದಕ್ಕೆ, ಯಾವ ಅಂಗಡಿಗೆ, ಉಳಿಕೆ, ಸಭೆಗೆ ಬಂದ ಸದಸ್ಯರು, ಬಾರದವರು ಎಂದು ಬರೆಯಲಿ. ಹೊಸ ಸರ್ಕಾರಿ ಆದೇಶಕ್ಕೆ ಕಾಯಬೇಕಾಗಿಲ್ಲ. ಸಿಆರ್‌ಪಿಗಳು ಶಾಲಾ ಭೇಟಿಯ ವರದಿಯಲ್ಲಿ ಒಂದು ಸಾಲು ಹೆಚ್ಚಿಗೆ ತುಂಬಲಿ: ಫಲಕದಲ್ಲಿ ಕಳೆದ ತಿಂಗಳ ಲೆಕ್ಕ ಇದೆಯೇ, ಅದು ನಗದು ಪುಸ್ತಕಕ್ಕೆ ತಾಳೆಯಾಗುತ್ತದೆಯೇ. ಎರಡು ತಿಂಗಳು ಸತತವಾಗಿ ‘ಇಲ್ಲ’ ಎಂದು ಬಂದ ಶಾಲೆಯ ಖಾತೆಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ತರಿಸಿ ನೋಡಲಿ.

ಇತಿ,
ಸರ್ಕಾರಿ ಶಾಲೆಗಳ ನಿವೃತ್ತ ಮುಖ್ಯ ಶಿಕ್ಷಕರು ಮತ್ತು ಪೋಷಕರು
ಮಂಡ್ಯ